ಒಲ್ಲೆಯೊಳಗಿನ ಒಲವು

ನವಲಗುಂದದ ಎರಿಹೊಲದ ಸೀಮೆಯಲ್ಲಿ ಮುಂಗಾರು ತಡವಾಯಿತೆಂದರೆ ಚಹದಂಗಡಿಯ ಮುಂದೆ, ಗುಡಿಕಟ್ಟೆಯ ಮೇಲೆ, ಬಸ್ ನಿಲ್ದಾಣದಲ್ಲಿ ಕೇಳಿಬರುವ ಮಾತು ಒಂದೇ: ‘ಮಳಿ ಬರವಲ್ದು.’ ಬೆಂಗಳೂರು, ಮೈಸೂರಿನ ಕಡೆಯವರು ಇದನ್ನು ‘ಮಳೆ ಬರ್ತಾ ಇಲ್ಲ’ ಎಂದು ತಿಳಿದುಕೊಳ್ಳುತ್ತಾರೆ. ತಪ್ಪಿಲ್ಲ. ಆದರೆ ‘ಬರ್ತಾ ಇಲ್ಲ’ ಎಂದಾಗ ಮಳೆ ಇಲ್ಲವೆಂಬ ಸುದ್ದಿಯಷ್ಟೇ ಸಿಗುತ್ತದೆ. ‘ಬರವಲ್ದು’ ಎಂದಾಗ ಮಳೆಗೊಂದು ಮನಸ್ಸಿದೆ, ಆ ಮನಸ್ಸು ಇನ್ನೂ ನಮಗೆ ಒಲಿದಿಲ್ಲ ಎಂಬ ಸಂಕಟವೂ ಸೇರುತ್ತದೆ. ಒಲಿದಿಲ್ಲ ಎಂಬುದು ಅಲಂಕಾರದ ಮಾತಲ್ಲ. ‘ಬರವಲ್ದು’ ಎಂಬುದರ ಕೊನೆಯಲ್ಲಿರುವ ‘ವಲ್ದು’ ಎಂಬುದು ಒಲವು, ಒಲುಮೆ, ಒಲಿ ಎಂಬ ಪದಗಳು ಹುಟ್ಟಿಬಂದ ‘ಒಲ್’ ಧಾತುವಿನದೇ ಒಂದು ರೂಪ.

ಊರ ಮಂದಿ ದಿನಕ್ಕೆ ಹತ್ತಾರು ಸಲ ಆಡುವ ಮಾತಿನಲ್ಲಿ ಕನ್ನಡದ ಪ್ರೀತಿಯ ಹಳೆಯ ಧಾತು ಕೂತಿದೆ ಎಂಬುದು ಯಾರೋ ಒಬ್ಬರಿಗೆ ಒಂದು ದಿನ ಹೊಳೆದ ಸಂಗತಿಯಲ್ಲ. ಕಲ್ಕತ್ತೆ, ಮದರಾಸು, ಮಂಗಳೂರು, ಧಾರವಾಡ, ನೀಲಗಿರಿ, ಆಕ್ಸ್‌ಫರ್ಡ್ ಎಂದು ಊರಿಂದೂರಿಗೆ ಕೈ ಬದಲಾಯಿಸುತ್ತ ಹೆಚ್ಚುಕಡಿಮೆ ಇನ್ನೂರು ವರ್ಷ ನಡೆದ ಹುಡುಕಾಟ ಅದರ ಹಿಂದೆ ಇದೆ. ಪದಗಳ ನಂಟನ್ನು ಕಂಡುಹಿಡಿಯುವ ಬಗೆ ಮೊದಲು ಪಳಗಿದ್ದು ಇಂಗ್ಲಿಷಿನಂಥ ಭಾಷೆಗಳ ಮೇಲೆ. ಆದ್ದರಿಂದ ಕತೆಯನ್ನು ‘ಲವ್’ನಿಂದಲೇ ಶುರುಮಾಡಬೇಕು.

ಲವ್ ಮತ್ತು ಲೋಭ

ಇವತ್ತು ಕುಂದಗೋಳ, ಕಲಘಟಗಿಯ ಹಳ್ಳಿಗಳಲ್ಲೂ ಹರೆಯದವರ ಪ್ರೀತಿಗೆ ‘ಲವ್’ ಎಂಬುದೇ ಹೆಸರು. ‘ಅಂವ ಲವ್ ಮಾಡಾಕತ್ತಾನ’, ‘ಅವರದು ಲವ್ ಮ್ಯಾರೇಜ್’ ಎನ್ನುತ್ತಾರೆ. ಮೊಮ್ಮಗನ ಮೇಲೆ ಅಜ್ಜಿಗಿರುವುದು ಮಾತ್ರ ‘ಜೀವ’; ತವರಿನ ಮೇಲೆ ಹೆಣ್ಣುಮಗಳಿಗಿರುವುದು ‘ಮಾಯಾ’; ಬಡವರ ಮೇಲೆ ಇರಬೇಕಾದದ್ದು ‘ಅಂತಃಕರಣ’. ಇಷ್ಟೆಲ್ಲ ಪದಗಳ ನಡುವೆ ‘ಒಲವು’ ಕೇಳುವುದೇ ಅಪರೂಪ. ಅದು ಕವಿತೆಯಲ್ಲಿ, ಲಗ್ನಪತ್ರಿಕೆಯಲ್ಲಿ ಉಳಿದ ಪದ ಎಂದು ಯಾರಿಗಾದರೂ ಅನ್ನಿಸೀತು.

‘ಲವ್’ನಂಥ ಪದಗಳ ಬೇರು ಹುಡುಕುವ ದಾರಿ ತೆರೆದುಕೊಂಡದ್ದು ಹೀಗೆ. 1786ರ ಫೆಬ್ರವರಿ 2ರಂದು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯಲ್ಲಿ ನ್ಯಾಯಾಧೀಶ ವಿಲಿಯಂ ಜೋನ್ಸ್ ಒಂದು ಭಾಷಣ ಮಾಡಿದ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳ ಧಾತುಗಳೂ ವ್ಯಾಕರಣದ ರೂಪಗಳೂ ಆಕಸ್ಮಿಕವೆನ್ನಲಾಗದಷ್ಟು ಹೊಂದುತ್ತವೆ, ಇವು ಒಂದೇ ಮೂಲದಿಂದ ಬಂದಿರಬೇಕು ಎಂಬುದು ಅವನ ಮಾತಿನ ಸಾರ. ಹೋಲಿಕೆಯನ್ನು ನಿಯಮದ ಮಟ್ಟಕ್ಕೆ ತಂದವರು ಮುಂದಿನ ತಲೆಮಾರಿನವರು. ಡೆನ್ಮಾರ್ಕಿನ ರಾಸ್ಮುಸ್ ರಾಸ್ಕ್ 1818ರಲ್ಲಿ, ಜರ್ಮನಿಯ ಯಾಕೋಬ್ ಗ್ರಿಮ್ 1822ರಲ್ಲಿ ತೋರಿಸಿದ್ದು ಇದು: ಸಂಸ್ಕೃತದಲ್ಲಿ ‘ಪ’ ಇರುವ ಕಡೆ ಇಂಗ್ಲಿಷ್, ಜರ್ಮನ್‌ಗಳ ಗುಂಪಿನಲ್ಲಿ ತುಟಿ-ಹಲ್ಲಿನ ‘ಫ’ ಬರುತ್ತದೆ. ಪಿತೃ ಇದ್ದಲ್ಲಿ ಫಾದರ್, ಪಾದ ಇದ್ದಲ್ಲಿ ಫುಟ್, ಪಂಚ ಇದ್ದಲ್ಲಿ ಫೈವ್. ಹಳಗನ್ನಡದ ಪಾಲ್, ಪೂ, ಪುಲಿ ಎಂಬವು ಹಾಲು, ಹೂವು, ಹುಲಿ ಆದದ್ದನ್ನು ಬಲ್ಲ ಕನ್ನಡಿಗರಿಗೆ ಈ ಬಗೆಯ ನಿಯಮ ಹೊಸದೇನಲ್ಲ. ಧ್ವನಿ ಬದಲಾದರೆ ಸಾಲಾಗಿ, ಎಲ್ಲ ಪದಗಳಲ್ಲೂ ಬದಲಾಗುತ್ತದೆ.

ಈ ನಿಯಮವನ್ನು ಕೈಯಲ್ಲಿ ಹಿಡಿದು ‘ಫ್ರೆಂಡ್’ ಪದವನ್ನು ನೋಡಿದರೆ ಅದು ಪ್ರೀತಿಯ ದಾಯಾದಿ. ಹಳೆಯ ಇಂಗ್ಲಿಷಿನಲ್ಲಿ ಪ್ರೀತಿಸು ಎಂಬ ಅರ್ಥದ ಕ್ರಿಯಾಪದವೊಂದಿತ್ತು. ಅದರಿಂದ ಬಂದ ‘ಫ್ರೆಂಡ್’ ಎಂದರೆ ಪ್ರೀತಿಸುವವನು. ಆ ಕ್ರಿಯಾಪದದ ಮೂಲವೇ ಸಂಸ್ಕೃತದ ‘ಪ್ರೀ’ ಧಾತುವಿನ ಮೂಲ. ಅದರಿಂದ ನಮಗೆ ಪ್ರಿಯ, ಪ್ರೀತಿ, ಪ್ರೇಮ ಬಂದವು. ನಮ್ಮ ಹಳ್ಳಿಯ ಮಂದಿ ‘ಪ್ರೆಂಡ್’ ಎನ್ನುತ್ತಾರಲ್ಲ, ಅದು ಉಚ್ಚಾರ ಕೆಟ್ಟದ್ದರಿಂದ ಅಲ್ಲ; ತುಟಿ-ಹಲ್ಲಿನ ಆ ಧ್ವನಿ ಕನ್ನಡಕ್ಕೆ ಹುಟ್ಟಿನಿಂದ ಇಲ್ಲ. ಹಾಗೆ ಹೇಳಿದಾಗ ಪದದ ಮೊದಲಕ್ಷರ ಸಾವಿರಾರು ವರ್ಷ ಹಿಂದಿನ ‘ಪ’ಕಾರಕ್ಕೇ ಮರಳಿರುತ್ತದೆ.

‘ಲವ್’ ಎಂಬುದರ ಹಳೆಯ ರೂಪ ‘ಲುಫು’. ಅದಕ್ಕೆ ಲ್ಯಾಟಿನ್ನಿನಲ್ಲಿ ‘ಲುಬೆಟ್’ ಎಂಬ ನಂಟನಿದ್ದಾನೆ, ಮನಸ್ಸಿಗೆ ಹಿತವೆನಿಸುತ್ತದೆ ಎಂದು ಅರ್ಥ. ಸಂಸ್ಕೃತದಲ್ಲಿ ಅದರ ಬಂಧು ‘ಲುಭ್’, ಆಸೆಪಡು. ಅದರಿಂದ ಹುಟ್ಟಿದ್ದು ಲೋಭ. ಒಂದೇ ಆಸೆಯ ಧಾತು ಇಂಗ್ಲಿಷಿನಲ್ಲಿ ಪ್ರೀತಿಯಾಯಿತು, ನಮ್ಮಲ್ಲಿ ಅರಿಷಡ್ವರ್ಗದೊಳಗೆ ಸೇರಿ ಹಗೆಯಾಯಿತು. ಅದೇ ಇಂಗ್ಲಿಷ್ ಬೇರಿನ ಇನ್ನೊಂದು ಕವಲು ‘ಬಿಲೀವ್’. ನಂಬುವುದೆಂದರೆ ಪ್ರಿಯವೆಂದು ಹಿಡಿದುಕೊಳ್ಳುವುದು. ‘ಪ್ಯಾಶನ್’ ಎಂಬುದು ಲ್ಯಾಟಿನ್ನಿನಲ್ಲಿ ನೋವುಣ್ಣುವುದಾಗಿತ್ತು, ಆಸ್ಪತ್ರೆಯ ‘ಪೇಷಂಟ್’ ಅದರ ಒಡಹುಟ್ಟು. ‘ವೆಡ್ಡಿಂಗ್’ ಪದದ ಮೂಲ ಅರ್ಥ ಒತ್ತೆ ಇಡುವುದು, ವಚನ ಕೊಡುವುದು. ಆಸೆ, ಹಿತ, ನಂಬಿಕೆ, ನೋವು, ಒತ್ತೆ: ಪ್ರೀತಿ ಎಂಬ ಒಂದು ಭಾವಕ್ಕೆ ಹೆಸರಿಡುವ ಮುನ್ನ ಮನುಷ್ಯ ತಡವಿಕೊಂಡು ಬಂದ ದಾರಿಗಳಿವು.

ಮದರಾಸಿನ ತಿರುವು

ಕಲ್ಕತ್ತೆಯಲ್ಲಿ ತೆರೆದ ದಾರಿ ಕನ್ನಡದ ಸ್ವಂತ ಪದಗಳವರೆಗೆ ಬರಲಿಲ್ಲ. ಪ್ರೀತಿ, ಪ್ರೇಮ, ಸ್ನೇಹ, ಅನುರಾಗ ಎಲ್ಲವೂ ಸಂಸ್ಕೃತದವು. ಸ್ನೇಹ ಎಂದರೆ ಮೊದಲಿಗೆ ಎಣ್ಣೆ, ಜಿಡ್ಡು. ಆಯುರ್ವೇದದಲ್ಲಿ ಇಂದಿಗೂ ಆ ಅರ್ಥವೇ ಇದೆ. ರಾಗ ಎಂದರೆ ಬಣ್ಣ, ಅದರಲ್ಲೂ ಕೆಂಪು. ಇವನ್ನೆಲ್ಲ ಬದಿಗಿಟ್ಟರೆ ಕನ್ನಡದ ಪಾಲಿಗೆ ಉಳಿಯುವುದು ಒಲವು, ನಲ್ಮೆ, ಅಕ್ಕರೆ. ಹಳಗನ್ನಡಕ್ಕೆ ಹೋದರೆ ಬೇಟ, ಕೂರ್ಮೆ, ಕಾದಲ್. ಇವುಗಳ ಬಳಗ ಎಲ್ಲಿದೆ?

1816ರಲ್ಲಿ ಮದರಾಸಿನ ಅಧಿಕಾರಿ ಫ್ರಾನ್ಸಿಸ್ ವೈಟ್ ಎಲ್ಲಿಸ್ ಇದಕ್ಕೆ ಉತ್ತರದ ಬಾಗಿಲು ತೆರೆದ. ಕ್ಯಾಂಬೆಲ್ ಬರೆದ ತೆಲುಗು ವ್ಯಾಕರಣಕ್ಕೆ ಸೇರಿಸಿದ ಟಿಪ್ಪಣಿಯಲ್ಲಿ ಅವನು ತೆಲುಗು, ಕನ್ನಡ, ತಮಿಳಿನ ಧಾತುಗಳನ್ನು ಒಂದರ ಪಕ್ಕ ಒಂದಿಟ್ಟು ತೋರಿಸಿದ: ಇವುಗಳಿಗೆ ಸಂಸ್ಕೃತದಿಂದ ಹುಟ್ಟಿದ ಬೇರಿಲ್ಲ, ಇವು ತಮ್ಮದೇ ಆದ ಒಂದು ಮನೆತನ. ಎಲ್ಲಿಸ್ 1819ರಲ್ಲೇ ತೀರಿಕೊಂಡ. ಆ ಟಿಪ್ಪಣಿ ಬಂದ ನಲವತ್ತು ವರ್ಷಗಳ ಮೇಲೆ, 1856ರಲ್ಲಿ, ತಿರುನೆಲ್ವೇಲಿ ಸೀಮೆಯ ಪಾದ್ರಿ ರಾಬರ್ಟ್ ಕಾಲ್ಡ್‌ವೆಲ್ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣ ಬರೆದು ಆ ಮನೆತನಕ್ಕೆ ಗಟ್ಟಿ ಹೆಸರು ಕೊಟ್ಟ. ಈಗ ಬೇಕಾಗಿದ್ದದ್ದು ಕನ್ನಡದ ಪದಗಳನ್ನೆಲ್ಲ, ಹಳೆಯವು ಹೊಸವು ಎನ್ನದೆ, ಓಲೆಗರಿಯವು ಬಾಯಿಮಾತಿನವು ಎನ್ನದೆ, ಒಂದೆಡೆ ತರುವ ಕೆಲಸ.

ಕಿಟೆಲ್ ಕಟ್ಟಿದ ನಿಘಂಟು

ಆ ಕೆಲಸ ಮಾಡಿದವನು ಫರ್ಡಿನಾಂಡ್ ಕಿಟೆಲ್. 1832ರ ಏಪ್ರಿಲ್ 7ರಂದು ಉತ್ತರ ಜರ್ಮನಿಯ ಕಡಲಂಚಿನ ಸೀಮೆಯಲ್ಲಿ ಹುಟ್ಟಿದ ಕಿಟೆಲ್ 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದಿಳಿದ. ಧಾರವಾಡದಲ್ಲಿ ಆ ಮಿಶನ್ 1837ರಲ್ಲೇ ನೆಲೆಯೂರಿತ್ತು. ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಕಿಟೆಲ್ ಇದ್ದ; ಜನರ ನಡುವೆ ಕಾಲ್ನಡಿಗೆಯಲ್ಲೇ ತಿರುಗಿದ. ಭಾರತೀಯರ ನಡುವೆ ಭಾರತೀಯನಾಗಿ ಬದುಕಬೇಕೆಂಬ ಅವನ ಹಂಬಲ ಮಿಶನ್ನಿನ ಹಿರಿಯರಿಗೆ ಹಿಡಿಸಲಿಲ್ಲ. ಆದರೆ ಕನ್ನಡ ಅವನನ್ನು ಬಿಡಲಿಲ್ಲ.

ಕಿಟೆಲ್ ಮೊದಲು ಕೈಹಾಕಿದ್ದು ಹಳೆಯ ಶಾಸ್ತ್ರಗ್ರಂಥಗಳಿಗೆ. ಕೇಶಿರಾಜ ಸುಮಾರು 1260ರಲ್ಲಿ ಬರೆದ ಶಬ್ದಮಣಿದರ್ಪಣವನ್ನು 1872ರಲ್ಲಿ, ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದ. ನಿಘಂಟಿಗೆ ಇದು ಅಡಿಪಾಯವಾಯಿತು. ಅದಕ್ಕೆ ಮೊದಲು ಇದ್ದ ಕನ್ನಡ-ಇಂಗ್ಲಿಷ್ ನಿಘಂಟು ಬಳ್ಳಾರಿಯ ವಿಲಿಯಂ ರೀವ್ 1832ರಲ್ಲಿ ತಂದದ್ದು. ಕಿಟೆಲ್ ಅದಕ್ಕಿಂತ ಬಹಳ ಆಳಕ್ಕೆ ಹೋದ. ಪಂಡಿತರ ನೆರವಿನಿಂದ ಕಾವ್ಯಗಳನ್ನು ಜಾಲಾಡಿದ, ಗಾದೆಗಳನ್ನು ಕೂಡಿಸಿದ, ಬೇರೆ ಬೇರೆ ಸೀಮೆಯ ಆಡುಮಾತನ್ನು ಕೇಳಿ ಬರೆದುಕೊಂಡ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನಿಂದ ಹೊರಬಿದ್ದ ಆ ಪುಸ್ತಕದಲ್ಲಿ 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ ಇದ್ದವು. 1896ರಲ್ಲಿ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವನಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕನ್ನಡ ವ್ಯಾಕರಣವೊಂದನ್ನೂ ಮುಗಿಸಿ 1903ರ ಡಿಸೆಂಬರಿನಲ್ಲಿ ಟ್ಯೂಬಿಂಗನ್‌ನಲ್ಲೇ ಕಣ್ಣುಮುಚ್ಚಿದ. ಧಾರವಾಡದ ಕಿಟೆಲ್ ಕಾಲೇಜು ಆ ಹೆಸರನ್ನು ಇಂದಿಗೂ ಹೊತ್ತಿದೆ.

ಆ ನಿಘಂಟನ್ನು ತೆರೆದು ನೋಡಿದರೆ ಅದರ ಕ್ರಮ ಕಾಣುತ್ತದೆ. ಪದದ ಪಕ್ಕದಲ್ಲಿ ಅದರ ಹಳೆಯ ರೂಪ, ಯಾವ ಗ್ರಂಥದಲ್ಲಿ ಬಂತೆಂಬ ಗುರುತು, ತಮಿಳು, ತೆಲುಗು, ಮಲಯಾಳ, ತುಳುಗಳಲ್ಲಿ ಅದರ ಬಂಧು, ಜೊತೆಗೊಂದು ಗಾದೆ. ಕೆಲವು ಪದಗಳ ಮುಂದೆ ‘ದಕ್ಷಿಣ ಮರಾಠಾ’ ಎಂಬುದರ ಸಂಕ್ಷೇಪ ಇರುತ್ತದೆ. ಅಂದಿನ ಕಾಗದಪತ್ರಗಳಲ್ಲಿ ಧಾರವಾಡ, ಬೆಳಗಾವಿಯ ಕಡೆಯ ಸೀಮೆಗೆ ಇದ್ದ ಹೆಸರದು. ಹೆಸರು ಮರಾಠಾ, ಮಾತು ಮಾತ್ರ ಅಚ್ಚ ಕನ್ನಡ. ಆ ಗುರುತು ಬಿದ್ದ ಒಂದೊಂದು ಪದವೂ ನಮ್ಮ ಕಡೆಯ ಯಾರದೋ ಬಾಯಿಂದ ಬಂದದ್ದು. ಅದು ಯಾವ ಒಕ್ಕಲಿಗನದೋ, ಯಾವ ತಾಯಿಯದೋ, ಪದದ ಮುಂದೆ ಹೆಸರಿಲ್ಲ. ಕಿಟೆಲ್‌ಗೆ ಸಲ್ಲುವ ಗೌರವದಲ್ಲಿ ಅವರದೂ ಪಾಲಿದೆ ಎಂದೇ ನಾನು ನಂಬಿದ್ದೇನೆ.

ಒಲ್ಲೆ ಎಂಬ ರೂಪ

ಈಗ ‘ಒಲ್’ ಧಾತುವಿಗೆ ಬರೋಣ. ಮೆಚ್ಚು, ಒಪ್ಪು, ಹಿತವೆನಿಸು, ಪ್ರೀತಿಸು ಎಂಬವು ಅದರ ಅರ್ಥಗಳು. ವಚನಕಾರರು ದೇವರನ್ನು ‘ಒಲಿಸು’ವ ಮಾತಾಡಿದ್ದು ಇದರಿಂದ, ‘ವಿದ್ಯೆ ಒಲಿಯಿತು’ ಎಂದು ನಾವು ಹೇಳುವುದೂ ಇದರಿಂದ. ಆದರೆ ಆಡುಮಾತಿನಲ್ಲಿ ಅದರ ನಿಜವಾದ ಬಾಳುವೆ ಇರುವುದು ನಿಷೇಧದಲ್ಲಿ.

ಹಳಗನ್ನಡದಲ್ಲಿ ಕ್ರಿಯಾಪದವನ್ನು ಅಲ್ಲಗಳೆಯಲು ‘ಇಲ್ಲ’ ಎಂಬ ಬೇರೆ ಪದ ಬೇಕಿರಲಿಲ್ಲ. ಮಾಡಿದೆಂ ಎಂದರೆ ಮಾಡಿದೆನು, ಮಾಡುವೆಂ ಎಂದರೆ ಮಾಡುವೆನು, ಬರೀ ಮಾಡೆಂ ಎಂದರೆ ಮಾಡುವುದಿಲ್ಲ. ಕಾಲವನ್ನು ಹೇಳುವ ಪ್ರತ್ಯಯ ಕಳೆದು, ಧಾತುವಿಗೆ ನೇರವಾಗಿ ನಾನು-ನೀನು-ಅವನು ಎಂಬುದರ ಪ್ರತ್ಯಯ ಹತ್ತಿದರೆ ಸಾಕು, ಅದು ಪ್ರತಿಷೇಧ. ಕೇಶಿರಾಜ ಇದನ್ನು ವಿವರಿಸಿದ್ದಾನೆ. ಹೊಸಗನ್ನಡದಲ್ಲಿ ಈ ರೂಪ ಬಹುಮಟ್ಟಿಗೆ ಅಳಿಯಿತು. ‘ಅರಿಯೆ’, ‘ಕಾಣೆ’ ಎಂಬಂಥ ಕೆಲವೇ ಪದಗಳಲ್ಲಿ ಉಳಿಯಿತು.

ಧಾರವಾಡದ ಹಳ್ಳಿಗಳಲ್ಲಿ ‘ಒಲ್’ ಮಾತ್ರ ತನ್ನ ಇಡೀ ಸಾಲನ್ನು ಉಳಿಸಿಕೊಂಡಿದೆ. ಹಳಗನ್ನಡದಲ್ಲಿ ಒಲ್ಲೆಂ, ಒಲ್ಲಂ, ಒಲ್ಲಳ್, ಒಲ್ಲರ್, ಒಲ್ಲದು. ಅಣ್ಣಿಗೇರಿಯಲ್ಲಿ ಇಂದು: ನಾ ಒಲ್ಲೆ, ಅಂವ ಒಲ್ಲ, ಆಕಿ ಒಲ್ಲಳು, ಅವರು ಒಲ್ಲರು, ಅದು ಒಲ್ಲದು. ಪದದ ಕೊನೆಯ ‘ಮ್’ ಧ್ವನಿ ಸವೆದದ್ದು, ವ್ಯಂಜನದ ಕೊನೆಗೆ ‘ಉ’ ಸೇರಿದ್ದು ಬಿಟ್ಟರೆ ಏನೂ ಬದಲಾಗಿಲ್ಲ. ಉಣ್ಣುವಾಗ ತಾಯಿ ‘ಇನ್ನೊಂದು ರೊಟ್ಟಿ ಹಾಕ್ಲೇನೋ ತಮ್ಮಾ?’ ಎಂದರೆ ಹುಡುಗ ‘ಒಲ್ಲೆಬೇ ಯವ್ವಾ’ ಎನ್ನುತ್ತಾನೆ. ಆ ಒಂದು ಮಾತಿನಲ್ಲಿ ಕೇಶಿರಾಜನ ಸೂತ್ರ ತಪ್ಪದೆ ನಡೆದಿರುತ್ತದೆ.

‘ಬ್ಯಾಡ’ ಎಂಬ ಪದವೂ ನಮ್ಮಲ್ಲಿದೆ. ಆದರೆ ಎರಡರ ಕೆಲಸ ಬೇರೆ. ‘ಬ್ಯಾಡ’ ವಸ್ತುವನ್ನು ದೂರ ಸರಿಸುತ್ತದೆ ಅಥವಾ ಎದುರಿನವರನ್ನು ತಡೆಯುತ್ತದೆ. ‘ಒಲ್ಲೆ’ ಎಂಬುದು ಹೇಳುವವರ ಒಳಗಿನ ಮಾತು: ನನ್ನ ಮನಸ್ಸು ಇದಕ್ಕೆ ಕೂಡುತ್ತಿಲ್ಲ. ಬಂದ ಗಂಡನ್ನು ನೋಡಿ ಹುಡುಗಿ ‘ನಾ ಒಲ್ಲೆ’ ಎಂದರೆ ಹಿರಿಯರು ಅರೆಗಳಿಗೆ ಸುಮ್ಮನಾಗುವುದು ಅದಕ್ಕೇ. ಆ ಪದದಲ್ಲಿ ಬೇಡಿಕೆಯೂ ಇಲ್ಲ, ಜಗಳವೂ ಇಲ್ಲ; ಮನಸ್ಸಿನ ಸಾಕ್ಷಿ ಮಾತ್ರ ಇದೆ.

ಒಪ್ಪದಿರುವುದು, ಪ್ರೀತಿಸದಿರುವುದು ಎಂಬ ಎರಡೂ ಅರ್ಥಗಳು ಒಂದೇ ಪದದಲ್ಲಿ ಇನ್ನೂ ಕೂಡಿಯೇ ಇವೆ ಎಂಬುದಕ್ಕೆ ಎಲ್ಲರೂ ಬಲ್ಲ ಗಾದೆಯೊಂದು ಸಾಕ್ಷಿ: ಒಲ್ಲದ ಗಂಡಗ ಮೊಸರಾಗ ಕಲ್ಲು. ಇಲ್ಲಿಯ ‘ಒಲ್ಲದ ಗಂಡ’ ಮೊಸರು ಒಲ್ಲದವನೋ, ಹೆಂಡತಿಯನ್ನು ಒಲ್ಲದವನೋ? ಗಾದೆ ಹೇಳುವ ಹೆಂಗಸಿಗೆ ಈ ಪ್ರಶ್ನೆಯೇ ಏಳುವುದಿಲ್ಲ. ಹೆಂಡತಿಯ ಮೇಲೆ ಒಲವಿಲ್ಲದ್ದರಿಂದಲೇ ಅವಳು ಹಾಕಿದ ಮೊಸರಿನಲ್ಲಿ ಅವನಿಗೆ ಕಲ್ಲು ಸಿಗುತ್ತದೆ. ನಿಘಂಟು ಎರಡು ಸಾಲಿನಲ್ಲಿ ಬಿಡಿಸಿ ಬರೆಯುವ ಅರ್ಥಗಳು ಅಡುಗೆಮನೆಯ ಮಾತಿನಲ್ಲಿ ಬೇರ್ಪಟ್ಟೇ ಇಲ್ಲ.

ಇನ್ನು ‘ಬರವಲ್ದು’. ‘ಬರ’ ಎಂಬುದು ಬರಲು ಎಂಬುದರ ಮೊಟಕು ರೂಪ. ಅದಕ್ಕೆ ‘ಒಲ್ಲದು’ ಸೇರುವಾಗ ನಡುವೆ ವಕಾರ ಬಂದು ಬರವೊಲ್ಲದು. ಬಾಯಲ್ಲಿ ಉರುಳಿ ಬರವಲ್ದು, ಕೆಲವು ಕಡೆ ಬರವಲ್ತು. ಇದಕ್ಕೂ ಒಂದು ಸಾಲಿದೆ: ಅಂವ ಬರವಲ್ಲ, ಆಕಿ ಮಾತಾಡವಲ್ಲಳು, ಅವರು ಕೇಳವಲ್ರು. ನಿದ್ದಿ ಹತ್ತವಲ್ದು, ಒಲಿ ಹೊತ್ತವಲ್ದು, ಎತ್ತು ಏಳವಲ್ದು. ಒಲವಿನ ಧಾತು ಇಲ್ಲಿ ಬೇರೆ ಕ್ರಿಯಾಪದಗಳಿಗೆ ಊರುಗೋಲಾಗಿ, ಆಗಬೇಕಾದದ್ದು ಆಗದೆ ನಿಂತ ಸ್ಥಿತಿಯನ್ನು ಹೇಳುತ್ತದೆ. ಮಳೆ, ನಿದ್ದೆ, ಬೆಂಕಿ, ಎತ್ತು ಎಲ್ಲಕ್ಕೂ ಮನಸ್ಸುಂಟೆಂದು ಒಪ್ಪಿಕೊಂಡ ವ್ಯಾಕರಣ ಇದು.

ಇಂಗ್ಲಿಷ್ ನಡೆದದ್ದೂ ಇದೇ ದಾರಿ

ಇಂಗ್ಲಿಷಿನಲ್ಲಿ ಇದಕ್ಕೆ ಒಂದು ಜೋಡಿ ಸಿಗುತ್ತದೆ. ಮೋಟಾರು ಚಾಲೂ ಆಗದಿದ್ದರೆ, ಬಾಗಿಲು ತೆರೆಯದಿದ್ದರೆ ಅವರು ‘ವೋಂಟ್’ ಎನ್ನುತ್ತಾರೆ. ಆಗವಲ್ದು, ತೆರೆಯವಲ್ದು ಎಂದೇ ಅದರ ಅರ್ಥ. ‘ವೋಂಟ್’ ಎಂದರೆ ‘ವಿಲ್’ ಮತ್ತು ‘ನಾಟ್’ ಕೂಡಿದ್ದು. ‘ವಿಲ್’ ಇಂದು ಭವಿಷ್ಯವನ್ನು ಹೇಳುವ ಸಹಾಯಕ ಕ್ರಿಯಾಪದವಾದರೂ ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಬಯಸು, ಇಚ್ಛಿಸು ಎಂಬ ತುಂಬು ಅರ್ಥವಿತ್ತು. ಅದರ ಬಂಧು ಸಂಸ್ಕೃತದ ‘ವೃ’, ಆರಿಸಿಕೊ, ಬಯಸು. ಅದರಿಂದ ವರ, ವರಿಸು, ಸ್ವಯಂವರ. ಬಯಕೆಯ ಪದವೇ ಸವೆದು ಸಹಾಯಕ ಕ್ರಿಯಾಪದವಾಗಿ, ಅದರ ನಿಷೇಧ ಜಡವಸ್ತುವಿಗೂ ಮನಸ್ಸನ್ನು ಕೊಟ್ಟಿತು.

ವಲ್ದು, ವೋಂಟ್ ಎಂಬ ಸದ್ದುಗಳ ಹೋಲಿಕೆಗೆ ಮರುಳಾಗಬಾರದು. ಎರಡಕ್ಕೂ ರಕ್ತಸಂಬಂಧವಿಲ್ಲ, ಒಂದು ದ್ರಾವಿಡ ಮನೆಯದು, ಇನ್ನೊಂದು ಇಂಡೋ-ಯುರೋಪಿಯನ್ ಮನೆಯದು. ಸದ್ದು ಹೊಂದಿದರೆ ನಂಟು ಎಂದು ನಂಬುವುದಾದರೆ ಜೋನ್ಸ್‌ನಿಂದ ಕಿಟೆಲ್‌ವರೆಗಿನ ಶ್ರಮವೆಲ್ಲ ನೀರುಪಾಲು. ಇಲ್ಲಿ ಹೊಂದಿರುವುದು ಮನುಷ್ಯರು ಯೋಚಿಸುವ ಬಗೆ. ಒಬ್ಬರನ್ನೊಬ್ಬರು ಕಾಣದ ಎರಡು ಜನಾಂಗಗಳು ಬಯಕೆಯಿಂದಲೇ ಒಪ್ಪಿಗೆಯ, ನಿರಾಕರಣೆಯ ವ್ಯಾಕರಣವನ್ನು ಕಟ್ಟಿಕೊಂಡವು. ರಕ್ತಸಂಬಂಧಕ್ಕಿಂತ ಇದು ನನಗೆ ಹೆಚ್ಚಿನ ಸಂಗತಿಯಾಗಿ ಕಾಣುತ್ತದೆ.

ಬೇಕು ಎಂಬುದರ ಬಳಗ

ಕಿಟೆಲ್ ಕಟ್ಟಿದ್ದನ್ನು ಮುಂದಕ್ಕೆ ಒಯ್ದವರು ಆಕ್ಸ್‌ಫರ್ಡಿನ ಥಾಮಸ್ ಬರೋ ಮತ್ತು ಕ್ಯಾಲಿಫೋರ್ನಿಯದ ಮರ್ರಿ ಎಮೆನೋ. ಎಮೆನೋ 1935ರಿಂದ 1938ರವರೆಗೆ ಭಾರತದಲ್ಲಿದ್ದು ನೀಲಗಿರಿಯ ತೋಡ, ಕೋತ, ಕೊಡಗಿನ ಕೊಡವ ಮುಂತಾದ ಭಾಷೆಗಳನ್ನು ಜನರ ಬಾಯಿಂದಲೇ ಬರೆದುಕೊಂಡ. ಬರೋ ಮಧ್ಯಭಾರತದ ಕಾಡುಗಳ ದ್ರಾವಿಡ ಭಾಷೆಗಳನ್ನು ಸುಧಿಭೂಷಣ ಭಟ್ಟಾಚಾರ್ಯರ ಜೊತೆಗೂಡಿ ಸಂಗ್ರಹಿಸಿದ. ಇಬ್ಬರೂ ಸೇರಿ 1961ರಲ್ಲಿ ದ್ರಾವಿಡ ಪದಮೂಲ ನಿಘಂಟನ್ನು, 1984ರಲ್ಲಿ ಅದರ ಪರಿಷ್ಕೃತ ಆವೃತ್ತಿಯನ್ನು ತಂದರು. ಅದರಲ್ಲಿ 5,500ಕ್ಕೂ ಹೆಚ್ಚು ಪದಗುಂಪುಗಳಿವೆ. ಕನ್ನಡದ ಮಟ್ಟಿಗೆ ಅವರು ಹೆಚ್ಚಾಗಿ ಆತುಕೊಂಡದ್ದು ಕಿಟೆಲ್‌ನ ನಿಘಂಟನ್ನೇ. ಹೀಗೆ ಹೆಸರಿಲ್ಲದ ನಮ್ಮೂರ ಮಂದಿಯ ಮಾತು ಆಕ್ಸ್‌ಫರ್ಡಿನ ಅಚ್ಚಿಗೂ ಹೋಯಿತು.

ಇಂಥ ಹೋಲಿಕೆಯಿಂದ ‘ಬೇಕು’ ಪದದ ಗುಟ್ಟು ಬಿಚ್ಚಿತು. ಹಳಗನ್ನಡದಲ್ಲಿ ಅದು ‘ಬೇಳ್ಕುಂ’. ತಮಿಳಿನ ವಕಾರಕ್ಕೆ ಕನ್ನಡದಲ್ಲಿ ಬಕಾರ ಬರುತ್ತದೆ: ವಾ-ಬಾ, ವೇರ್-ಬೇರು, ವಿಲ್-ಬಿಲ್ಲು. ಅದೇ ಲೆಕ್ಕದಲ್ಲಿ ಬೇಳ್ ಎಂಬುದರ ಜೋಡಿ ತಮಿಳಿನ ‘ವೇಳ್’, ಬಯಸು, ಮದುವೆಯಾಗು. ತಮಿಳಿನಲ್ಲಿ ‘ವೇಟ್ಕೈ’ ಎಂದರೆ ಬಯಕೆ. ಮನ್ಮಥನಿಗೂ ‘ವೇಳ್’ ಎಂದು ಹೆಸರು. ಪಂಪನ ಕಾಲದ ಕನ್ನಡದಲ್ಲಿ ಪ್ರಣಯಕ್ಕಿದ್ದ ‘ಬೇಟ’ ಎಂಬ ಪದ ಇದೇ ಬಳಗದ್ದು. ಬೇಟೆಗೂ ಇದಕ್ಕೂ ನಂಟಿಲ್ಲ; ಬೇಟೆ ಹಳಗನ್ನಡದಲ್ಲಿ ‘ಬೇಂಟೆ’, ಅದರ ಮನೆ ಬೇರೆ.

ಈಗ ಎರಡೂ ಮಾತುಗಳನ್ನು ಜೊತೆಗಿಟ್ಟು ನೋಡಿ: ಬರಬೇಕು, ಬರವಲ್ದು. ‘ಬರ’ ಎಂಬುದಕ್ಕೆ ಒಂದರಲ್ಲಿ ‘ಬೇಳ್’ ಬಂದು ಕೂಡಿದೆ, ಇನ್ನೊಂದರಲ್ಲಿ ‘ಒಲ್’. ಎರಡೂ ಪ್ರೀತಿಯ ಧಾತುಗಳು. ಬೇಟ ಎಂಬ ಹೆಸರು ನಾಲಿಗೆಯಿಂದ ಅಳಿಯಿತು, ಒಲವು ಎಂಬ ಹೆಸರು ಕಾವ್ಯಕ್ಕೆ ಸರಿಯಿತು. ಅವುಗಳ ಬೇರು ಮಾತ್ರ ಬೇಕು-ಒಲ್ಲೆ ಎಂದು, ಮಗು ಮಾತು ಕಲಿಯುವಾಗಿನ ಮೊದಲ ಪದಗಳಲ್ಲಿ ಉಳಿಯಿತು.

ನೆರೆಮನೆಗಳಲ್ಲಿ ಈ ಪದಗಳು ಪಡೆದ ಬಾಳೂ ನೋಡುವಂಥದು. ತೆಲುಗಿನಲ್ಲಿ ‘ಒಲ್ಲನು’ ಎಂದರೆ ನಮ್ಮ ಒಲ್ಲೆಯೇ. ತಮಿಳಿನಲ್ಲಿ ‘ಒಲ್’ ಹೊಂದು, ಸಾಧ್ಯವಾಗು ಎಂಬ ಅರ್ಥಕ್ಕೆ ತಿರುಗಿದೆ. ಹೊಂದದವರು, ಎಂದರೆ ‘ಒಲ್ಲಾರ್’, ಹಗೆಗಳು. ‘ಅಕ್ಕರೆ’ ಕನ್ನಡದಲ್ಲಿ ಪ್ರೀತಿ. ತಮಿಳಿನ ‘ಅಕ್ಕರೈ’ ಕಾಳಜಿ. ತೆಲುಗಿನ ‘ಅಕ್ಕರ’ ಬರೀ ಅವಶ್ಯಕತೆ. ಬೇಕೆನ್ನಿಸುವುದು, ಕಾಳಜಿ ಮಾಡುವುದು, ಪ್ರೀತಿಸುವುದು ಒಂದೇ ಭಾವದ ಮೂರು ಮೆಟ್ಟಿಲುಗಳು. ಮೂರು ಭಾಷೆಗಳು ಒಂದೊಂದರಲ್ಲಿ ನಿಂತಿವೆ.

ಉಳಿದಿರುವ ಕೆಲಸ

ಸುಮಾರು 850ರ ಕವಿರಾಜಮಾರ್ಗ ಕನ್ನಡದ ತಿರುಳಿನ ನಾಡನ್ನು ಹೆಸರಿಸುವಾಗ ನಾಲ್ಕು ಮೂಲೆಗಳನ್ನು ಹೇಳುತ್ತದೆ: ಕಿಸುವೊಳಲು ಎಂದರೆ ಪಟ್ಟದಕಲ್ಲು, ಕೊಪಣ ಎಂದರೆ ಕೊಪ್ಪಳ, ಪುಲಿಗೆರೆ ಎಂದರೆ ಲಕ್ಷ್ಮೇಶ್ವರ, ಮತ್ತು ಒಕ್ಕುಂದ. ನಕಾಶೆಯಲ್ಲಿ ಈ ನಾಲ್ಕಕ್ಕೂ ಗೆರೆ ಎಳೆದರೆ ನವಲಗುಂದ, ಅಣ್ಣಿಗೇರಿ ಒಳಗೆ ಬೀಳುತ್ತವೆ. 941ರಲ್ಲಿ ಆದಿಪುರಾಣ ಬರೆದ ಪಂಪನ ತಾಯಿ ಅಬ್ಬಣಬ್ಬೆ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳೆಂದು ಪಂಪನ ತಮ್ಮ ಜಿನವಲ್ಲಭ ಇಂದಿನ ತೆಲಂಗಾಣದಲ್ಲಿ ಬಂಡೆಗೆ ಬರೆಸಿದ ಶಾಸನ ಹೇಳುತ್ತದೆ. ಇಂಥ ನೆಲದ ಆಡುಮಾತನ್ನು ಒರಟೆಂದು, ಗ್ರಾಂಥಿಕವಲ್ಲವೆಂದು ಬದಿಗೆ ಸರಿಸುವುದು ನನಗೆ ನೋವಿನ ವಿಷಯ. ಗ್ರಂಥಗಳು ಬಿಟ್ಟುಕೊಟ್ಟ ರೂಪವನ್ನು ಈ ಮಾತು ಕಾಪಾಡಿಕೊಂಡು ಬಂದಿದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1970ರಿಂದ 1995ರ ನಡುವೆ ಹೊರಬಂತು. ಶಾಸನ, ಕಾವ್ಯಗಳ ಪದಗಳಿಗೆ ಅದೊಂದು ಮಹಾ ಆಸರೆ. ಆಡುಮಾತಿನ ಎಣಿಕೆ ಮಾತ್ರ ಎಂದಿಗೂ ಮುಗಿಯುವಂಥದ್ದಲ್ಲ. ‘ಬರವಲ್ದು’ ಎನ್ನುವ ಊರು ಯಾವುದು, ‘ಬರವಲ್ತು’ ಎನ್ನುವುದು ಯಾವುದು, ಕಲಘಟಗಿಯ ಮಲೆನಾಡಿನ ಅಂಚಿಗೆ ಹೋದಂತೆ ಅದು ಏನಾಗುತ್ತದೆ, ‘ನಾನು’, ‘ನಾವು’ ಎಂಬುದಕ್ಕೆ ಈ ರೂಪ ಎಲ್ಲಿ ಇನ್ನೂ ಬಳಕೆಯಲ್ಲಿದೆ? ಇದನ್ನು ಊರೂರಿನ ಶಾಲೆಯ ಮಕ್ಕಳು ತಮ್ಮ ಅಜ್ಜ-ಅಜ್ಜಿಯರ ಮಾತನ್ನು ಮೊಬೈಲಿನಲ್ಲಿ ಹಿಡಿದು, ಹೇಳಿದವರ ಹೆಸರು, ಊರು ಸಮೇತ ಬರೆದಿಡಬಲ್ಲರು. ಕಿಟೆಲ್‌ನ ಕಾಲದಲ್ಲಿ ಪದದ ಮುಂದೆ ಬೀಳದೆ ಹೋದ ಆ ಹೆಸರುಗಳು ಈಗಲಾದರೂ ಬೀಳಲಿ. ಕನ್ನಡ ತನ್ನ ಪ್ರೀತಿಯನ್ನು ಯಾವ ಪದದಲ್ಲಿ ಇಟ್ಟುಕೊಂಡು ಬಾಳಿತು ಎಂಬುದನ್ನು ಹೇಳಬೇಕಾದವರು, ಆ ಪದವನ್ನು ಇನ್ನೂ ಆಡುತ್ತಿರುವವರೇ.